ಕಲಹಪ್ರೇಮಿ

ಅಜ್ಜಿ ತೀರಿಕೊಂಡ ಆರನೆಯ ದಿನ ವೈಕುಂಠ ಸಮಾರಾಧನೆಯ ಕಾರ್ಡು ಅಚ್ಚಾಗಿ ಬಂತು. 250 ಪ್ರತಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಸುತ್ತಿ, ರೈನ್‌ಕೋಟಿನ ಒಳಗೆ ಕೂಸಿನ ಹಾಗೆ ಅವಚಿಕೊಂಡು ತಂದಿದ್ದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಒಂದು ಕಾಗದವನ್ನು ಗರಿಗರಿಯಾಗಿಯೇ ಪೇಟೆಯಿಂದ ಮನೆಗೆ ಮುಟ್ಟಿಸಿದವನು ಅರ್ಧ ಜೀವನ ಗೆದ್ದ ಹಾಗೆ. ಆ ಹೆಮ್ಮೆಯಲ್ಲೇ ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟೆ.

ದೊಡ್ಡಮ್ಮ ಎಂದರೆ ಅಜ್ಜಿಯ ಹಿರಿಸೊಸೆ. 51 ವರ್ಷ ಅತ್ತೆಯ ಜೊತೆ ಒಂದೇ ಒಲೆಯ ಮುಂದೆ ಕೂತವರು. ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದರು. ಆಮೇಲೆ ಬಹಳ ಶಾಂತವಾಗಿ, "ಬರೆದದ್ದರಲ್ಲಿ ಸುಳ್ಳೇನೂ ಇಲ್ಲ ಮಾರಾಯ. ಆದರೆ ಹೀಗೆ ಊರಿಗೆಲ್ಲ ಹಂಚುವುದು ಚೆಂದವಾ?" ಎಂದರು.

ಕಸಿದುಕೊಂಡು ಓದಿದೆ. ‘95 ವರ್ಷಗಳ ತುಂಬುಜೀವನ ನಡೆಸಿದ, ಹಿರಿಯ ಕಲಹಪ್ರೇಮಿಯಾದ ನಮ್ಮ ಪೂಜ್ಯ ಮಾತೃಶ್ರೀಯವರು...’

ಕಲಾಪ್ರೇಮಿ ಎಂದಿರಬೇಕಾಗಿತ್ತು.

ತಪ್ಪು ಅಚ್ಚಿನ ಮನೆಯವರದಲ್ಲ, ನನ್ನದೇ. ಒಕ್ಕಣೆ ಬರೆಯುವ ಕೆಲಸ ನನಗೆ ವಹಿಸಿದ್ದರು. ಟೈಪು ಮಾಡಲು ಸೋಮಾರಿತನವಾಗಿ ಫೋನಿಗೆ ಬಾಯಲ್ಲೇ ಹೇಳಿದೆ. ಮಾಡಿನ ಶೀಟಿನ ಮೇಲೆ ಮಳೆ ಮೂಟೆಗಟ್ಟಲೆ ಅಕ್ಕಿ ಸುರಿದ ಹಾಗೆ ಸದ್ದು ಮಾಡುತ್ತಿತ್ತು. ನನಗೋ ತಣ್ಣೀರು ಸ್ನಾನ ಮಾಡಿ ಮಾಡಿ ಮೂಗು ಕಟ್ಟಿತ್ತು. ‘ಕಲಾ’ ಎಂದು ದೀರ್ಘ ಎಳೆದಾಗ ಉಸಿರು ಸ್ವಲ್ಪ ಜಾಸ್ತಿಯೇ ಹೊರಟಿರಬೇಕು. ಫೋನು ಅದನ್ನು ‘ಕಲಹ’ ಎಂದು ಕೇಳಿಸಿಕೊಂಡಿತು. ಕರಡು ತಿದ್ದಲು ಬಂದಾಗ ಕರೆಂಟು ಹೋಗಿ ಎರಡು ದಿನವಾಗಿತ್ತು, ಫೋನಿನಲ್ಲಿ ಉಳಿದದ್ದು ಶೇಕಡಾ 4 ಚಾರ್ಜು. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನು. ನನ್ನ ಕಣ್ಣು ಪಳಗಿದ್ದು ಅಂಕಿಗೆ ಮಾತ್ರ. ತಾರೀಕು ಸರಿ ಉಂಟು, ಗಂಟೆ ಸರಿ ಉಂಟು, 95 ಸರಿ ಉಂಟು. ‘ಓಕೆ’ ಎಂದು ಕಳಿಸಿಬಿಟ್ಟೆ.

ಜಗಲಿಯಲ್ಲಿ ತುರ್ತು ಸಭೆ ಸೇರಿತು. ಮತ್ತೆ ಅಚ್ಚು ಹಾಕಿಸುವ ಎಂದರು ಚಿಕ್ಕಪ್ಪ. ಇವತ್ತೇ ಹಂಚಲು ಹೊರಡದಿದ್ದರೆ ನಾಪೋಕ್ಲು ಕಡೆಯವರಿಗೆ ಮುಟ್ಟುವುದೇ ಇಲ್ಲ, ಹೊಳೆ ರಸ್ತೆಗೆ ಹತ್ತಿದೆ ಎಂದರು ಅಪ್ಪ. ದೊಡ್ಡಪ್ಪ ಎಂದಿನಂತೆ ಏನೂ ಹೇಳಲಿಲ್ಲ. ಅತ್ತೆ ಮಾತ್ರ, "ನನ್ನ ಅಮ್ಮ ಜಗಳಗಂಟಿಯಾ? ಯಾರು ಹೇಳಿದ್ದು? ಹೇಳಿದವರು ಎದುರಿಗೆ ಬಂದು ಹೇಳಿ!" ಎಂದು ಶುರು ಮಾಡಿ, ಕಾರ್ಡು, ನಾನು, ನನ್ನ ಹೆಂಡತಿ, ನನ್ನ ಮೂಗು ಎಲ್ಲವನ್ನೂ ಕಾಲು ಗಂಟೆ ತರಾಟೆಗೆ ತೆಗೆದುಕೊಂಡರು. ಅಜ್ಜಿ ಜಗಳಗಂಟಿಯಲ್ಲ ಎಂದು ಸಾಬೀತು ಮಾಡುವಾಗ ಥೇಟ್ ಅಜ್ಜಿಯ ಹಾಗೆಯೇ ಕಾಣುತ್ತಿದ್ದರು. ಸೊಂಟದ ಮೇಲೆ ಕೈ ಇಡುವುದೂ ಹಾಗೆಯೇ.

ಪುರೋಹಿತರಿಗೆ ಫೋನು ಹೋಯಿತು. ಅವರು ನಕ್ಕು, "ನಾರದರಿಗೂ ಕಲಹಪ್ರಿಯ ಎಂದೇ ಹೆಸರು. ಕೈಯಲ್ಲಿ ವೀಣೆ ಬೇರೆ. ಎರಡೂ ಒಟ್ಟಿಗೇ ಇರುವಂಥದ್ದೇ. ಶಾಸ್ತ್ರಕ್ಕೆ ಅಡ್ಡಿಯಿಲ್ಲ" ಎಂದರು.

ನ್ಯಾಯವಾಗಿ ಹೇಳಬೇಕೆಂದರೆ, ಅಜ್ಜಿ ಆಸ್ತಿಗೆ, ಒಡವೆಗೆ, ಸಾರಿನ ಉಪ್ಪಿಗೆ ಯಾರ ಜೊತೆಗೂ ಜಗಳ ಮಾಡಿದವಳಲ್ಲ. ಅವಳ ಜಗಳವೆಲ್ಲ ಬಣ್ಣ, ಗೆರೆ, ರಾಗ ಇಷ್ಟರದ್ದೇ. ಪಕ್ಕದ ಮನೆಯವರು ಕಾಂಪೌಂಡಿಗೆ ಗಿಳಿಹಸಿರು ಬಳಿದಾಗ ಮೂರು ವಾರ ಮಾತು ಬಿಟ್ಟಿದ್ದಳು. ಅವರ ಬೇಲಿ ನಮ್ಮ ಜಾಗಕ್ಕೆ ಎರಡಡಿ ಬಂದಾಗ "ಬರಲಿ ಬಿಡಿ, ಅಲ್ಲೊಂದು ದಾಸವಾಳ ಉಂಟಲ್ಲ, ನೋಡಲಿಕ್ಕೆ ಚೆಂದ" ಎಂದಿದ್ದಳು. ತಾತ ಆ ಎರಡಡಿಯ ಸಂಕಟವನ್ನು ಸಾಯುವವರೆಗೂ ಹೊತ್ತಿದ್ದರು.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂಬುದಕ್ಕೆ ಅಜ್ಜಿಯದೇ ಒಂದು ಕಥೆ ಉಂಟು. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ ಅವಳಿಗೆ ಐದು ತುಂಬಿರಲಿಲ್ಲ. ಕಥೆಗಾರ್ತಿ ಗೌರಮ್ಮನವರು ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಅವರು ಬಂದಾಗ ಒಡವೆಗಳನ್ನು ನಿಧಿಗೆ ಬಿಚ್ಚಿಕೊಟ್ಟ ಸುದ್ದಿ ಮನೆಮನೆಗೂ ಹಬ್ಬಿತು. ನಮ್ಮ ಮುತ್ತಜ್ಜಿಗೂ ದೇಶಭಕ್ತಿ ಉಕ್ಕಿ ಬಂತು. ಆದರೆ ಕೈ ಹೋದದ್ದು ತನ್ನ ಕೊರಳಿಗಲ್ಲ, ಮಗಳ ಕಾಲಿಗೆ. ಬೆಳ್ಳಿಯ ಗೆಜ್ಜೆ, ಕೊಂಡಿಯಲ್ಲಿ ಸಣ್ಣ ನವಿಲು. "ದೇಶಕ್ಕೆ ಕೊಟ್ಟದ್ದು ಸರಿಯೇ. ಆದರೆ ನನ್ನನ್ನು ಒಂದು ಮಾತು ಕೇಳಲಿಲ್ಲ" ಎಂದು ಅಜ್ಜಿ 90 ವರ್ಷ ಅವಳ ಅಮ್ಮನನ್ನು ದೂರಿದಳು. ಅಮ್ಮ ಇಲ್ಲವಾಗಿ ಅರ್ಧ ಶತಮಾನ ಕಳೆದ ಮೇಲೂ ದೂರಿದಳು. ಗೆಜ್ಜೆ ಹೋದ ಮಾರನೆಯ ದಿನ, ಮರೆತುಹೋದೀತೆಂದು ಆ ನವಿಲನ್ನು ಇದ್ದಿಲಿನಲ್ಲಿ ಅಡುಗೆಮನೆಯ ಗೋಡೆಗೆ ಬರೆದಳಂತೆ. ಅದಕ್ಕೆ ಬಿದ್ದ ಪೆಟ್ಟು ಅವಳ ಕಲಾಜೀವನದ ಮೊದಲ ವಿಮರ್ಶೆ.

ಅಲ್ಲಿಂದ ಮುಂದೆ ಅಜ್ಜಿ ಬಿಡಿಸಿದ ಪಕ್ಷಿಗಳಿಗೆಲ್ಲ ಕಾಲಿನಲ್ಲಿ ಗೆಜ್ಜೆ. ನವಿಲಿಗೆ ಇರಲಿ, ಗಿಳಿಗೆ ಇರಲಿ, ಹಂಸಕ್ಕೂ ಗೆಜ್ಜೆ. ನನಗೆ ಮೂರನೆಯ ತರಗತಿಯಲ್ಲಿ ಹೂಜಿಗೆ ಕಲ್ಲು ಹಾಕುವ ಕಾಗೆಯ ಚಿತ್ರ ಬರೆದುಕೊಟ್ಟಳು. ಗೆಜ್ಜೆ ಕಟ್ಟಿದ ಕಾಗೆ. ಮೇಷ್ಟರು ಹತ್ತಕ್ಕೆ ನಾಲ್ಕು ಕೊಟ್ಟು, "ಇದು ಬಾಯಾರಿದ ಕಾಗೆಯಾ, ಮದುವೆಗೆ ಹೊರಟ ಕಾಗೆಯಾ?" ಎಂದು ಕೆಂಪು ಶಾಯಿಯಲ್ಲಿ ಬರೆದರು. ಅಜ್ಜಿ ಅದರ ಕೆಳಗೆ ನೀಲಿ ಶಾಯಿಯಲ್ಲಿ, "ಬಾಯಾರಿದವರಿಗೆ ಗೆಜ್ಜೆ ಇರಬಾರದೆಂದು ಯಾವ ಪುಸ್ತಕದಲ್ಲಿದೆ?" ಎಂದು ಬರೆದು ಕಳಿಸಿದಳು. ಈ ಪತ್ರವ್ಯವಹಾರ ನಾಲ್ಕು ವಾರ ನಡೆಯಿತು. ಟಪಾಲು ಹೊತ್ತವನು ನಾನು, ಎರಡೂ ಕಡೆ ಕಿವಿ ಹಿಂಡಿಸಿಕೊಂಡವನೂ ನಾನು.

ತಾನು ಜಗಲಿ ಬಿಟ್ಟು ಏಳದೆ ನಾಲ್ಕು ರಾಜ್ಯ ಕಂಡವಳು ಎಂದು ಅಜ್ಜಿ ಹೇಳಿಕೊಳ್ಳುತ್ತಿದ್ದಳು. ಮದುವೆಯಾಗಿ ಈ ಮನೆಗೆ ಬಂದಾಗ ಬ್ರಿಟಿಷರ ಚೀಫ್ ಕಮಿಷನರ್ ಪ್ರಾಂತ್ಯ, ಆಮೇಲೆ ಭಾಗ ‘ಸಿ’ ರಾಜ್ಯವಾದ ಕೂರ್ಗ್, 1956ರಲ್ಲಿ ಮೈಸೂರು, 1973ರಲ್ಲಿ ಕರ್ನಾಟಕ. ಇದರಲ್ಲಿ 1956ರ ನವೆಂಬರ್ 1 ನಮ್ಮ ಮನೆಯ ಇತಿಹಾಸದಲ್ಲಿ ಬೇರೆಯೇ ಕಾರಣಕ್ಕೆ ದಾಖಲಾಗಿದೆ. ಅಂದು ಅಜ್ಜಿ ಅಂಗಳದ ತುಂಬ ಹೊಸ ರಾಜ್ಯದ ಭೂಪಟವನ್ನು ರಂಗೋಲಿಯಲ್ಲಿ ಬಿಡಿಸಲು ಕೂತಳು. ತನಗೆ ಗೊತ್ತಿದ್ದ ಊರಿನಿಂದ ಶುರು ಮಾಡುವುದು ಸಹಜವಲ್ಲವೆ? ಕೊಡಗಿನಿಂದ ಶುರು ಮಾಡಿದಳು. ತಲಕಾವೇರಿ ಬಂತು, ಭಾಗಮಂಡಲ ಬಂತು, ಓಂಕಾರೇಶ್ವರನ ಕೆರೆ, ಕೋಟೆಯೊಳಗಿನ ಗಾರೆಯ ಎರಡು ಆನೆ, ಎಲ್ಲ ಬಂದವು. ಕೊಡಗು ಮುಗಿಯುವಾಗ ಅಂಗಳದ ಅರ್ಧ ಮುಗಿದಿತ್ತು. ಮೈಸೂರು ಕೊಡಗಿನ ಪಕ್ಕ ಹಲಸಿನ ಪಕ್ಕದ ನಿಂಬೆಯಷ್ಟಾಯಿತು. ಧಾರವಾಡ ತುಳಸಿಕಟ್ಟೆಗೆ ತಾಗಿತು. ಗುಲ್ಬರ್ಗ ಗೇಟಿನ ಹೊರಗೆ ಹೋಯಿತು. ಬೀದರಿಗೆ ಜಾಗವೇ ಸಾಲದೆ ಚರಂಡಿಯ ಆಚೆ ಬರೆಯಬೇಕಾಗಿ ಬಂತು. ತಾತ ಆಫೀಸಿಗೆ ಹೊರಟವರು ಬೀದರನ್ನು ತುಳಿಯಬಾರದೆಂದು ಕಾಲು ಎತ್ತಿ ಇಟ್ಟು ಚರಂಡಿಗೆ ಬಿದ್ದರು. ಏಕೀಕರಣದಲ್ಲಿ ನಮ್ಮ ಮನೆಯಿಂದಲೂ ಒಬ್ಬರು ಗಾಯಗೊಂಡಿದ್ದಾರೆ ಎಂದು ನಾನು ಶಾಲೆಯ ಭಾಷಣದಲ್ಲಿ ಹೇಳಿದ್ದು ಇದೇ ಆಧಾರದ ಮೇಲೆ.

ಮನೆಯ ಬಾಗಿಲಿನ ಮಣಿತೋರಣವೂ ಆ ಕಾಲದ್ದೇ. ಗಾಜಿನ ಕೊಳವೆಮಣಿಯಲ್ಲಿ ‘ಸುಸ್ವಾಗತ’ ಎಂದು ಹೆಣೆಯಲು ಹೊರಟವಳಿಗೆ ‘ಗ’ ಮುಗಿಯುವಾಗ ಹಸಿರು ಮಣಿ ಮುಗಿಯಿತು. ಮಣಿ ತರಲು ಮೈಸೂರಿಗೇ ಹೋಗಬೇಕು. ಉಳಿದಿದ್ದ ಕೆಂಪು, ಹಳದಿಯಲ್ಲಿ ‘ತ’ ಬದಲು ಒಂದು ಗಿಳಿ ಮಾಡಿಬಿಟ್ಟಳು. ಗೆಜ್ಜೆ ಕಟ್ಟಿದ ಕೆಂಪು ಗಿಳಿ. ತಾತ ಅದನ್ನು ಬಾಗಿಲಿಗೆ ಕಟ್ಟುವಾಗ ಹಿಂದುಮುಂದು ಮಾಡಿ ಕಟ್ಟಿದರು. ಹೊರಗಿನಿಂದ ಬರುವವರಿಗೆ ಮೊದಲು ಗಿಳಿ, ಆಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ ಅಕ್ಷರ. ಒಳಗಿನಿಂದ ಹೊರಡುವವರಿಗೆ ಮಾತ್ರ ಸ್ಪಷ್ಟವಾಗಿ ‘ಸುಸ್ವಾಗ’. ಇಬ್ಬರಲ್ಲಿ ಯಾರೂ ಸೋಲದೆ, ಅದು 60 ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ನೇತಾಡುತ್ತಿದೆ. ಎದ್ದು ಹೊರಟ ಎಷ್ಟೋ ಅತಿಥಿಗಳು ಬಾಗಿಲಲ್ಲಿ ಅದನ್ನು ಓದಿ, ನಕ್ಕು, ಮತ್ತೆ ಕೂತು ಇನ್ನೊಂದು ಲೋಟ ಕಾಫಿ ಕುಡಿದದ್ದುಂಟು. ಮೂರು ಎಕರೆ ತೋಟದ ಕಾಫಿಯಲ್ಲಿ ಮಾರಲು ಉಳಿಯುತ್ತಿದ್ದದ್ದು ಕಡಿಮೆ ಎಂದು ಅಪ್ಪ ಇಂದಿಗೂ ಆ ಗಿಳಿಯನ್ನೇ ದೂರುತ್ತಾರೆ.

ದೊಡ್ಡಮ್ಮನ ಜೊತೆಗಿನ ಮಹಾಯುದ್ಧವೂ ಈ ತೋರಣದಿಂದಲೇ ಶುರುವಾದದ್ದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ ಮದುವೆಯಾಗಿ ಬಂದ ದೊಡ್ಡಮ್ಮ, ತವರಿನಿಂದ ಒಂದು ಪ್ಲಾಸ್ಟಿಕ್ ಹೂವಿನ ತೋರಣ ತಂದಿದ್ದರು. ಆಗ ಅದು ಹೊಸ ಫ್ಯಾಶನ್. ಬಾಗಿಲಿಗೆ ಕಟ್ಟಲು ಸ್ಟೂಲು ಹತ್ತಿದ ಸೊಸೆಯನ್ನು ಕೆಳಗಿಳಿಸಿ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಬಾಡದ್ದು ಹೂವಾ?" ಸೊಸೆಯೂ ಏನು ಕಡಿಮೆಯೇ? "ಓದಲಿಕ್ಕೆ ಬಾರದ್ದು ಅಕ್ಷರವಾ?" ಎಂದು ತೋರಣಕ್ಕೆ ಕೈ ತೋರಿಸಿದರು. ಈ ಎರಡು ಪ್ರಶ್ನೆಗಳಿಗೆ 51 ವರ್ಷವಾದರೂ ಉತ್ತರ ಸಿಗಲಿಲ್ಲ. ಆದರೆ ಅವರಿಬ್ಬರೂ ಬೇರೆ ಯಾರ ಜೊತೆ ಕೂತರೂ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿಲ್ಲ.

ಇನ್ನು ಮಳೆ. ಕೊಡಗಿನಲ್ಲಿ ಕಲಾವಿದನಿಗೆ ದೊಡ್ಡ ಶತ್ರು ವಿಮರ್ಶಕನಲ್ಲ, ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆಯ ಆಲ್ಬಮ್ಮಿನಲ್ಲಿ ಮದುಮಗನಿಗೆ ಬೂಷ್ಟು. ಒಂದು ವರ್ಷ ಅಜ್ಜಿಗೆ ತೈಲಚಿತ್ರದ ಹುಚ್ಚು ಹಿಡಿಯಿತು. ಬೋರ್ಡು ಬರೆಯುವವರಿಂದ ಉಳಿದ ಪೇಂಟು ತಂದು ಪ್ಲೈವುಡ್ಡಿನ ಮೇಲೆ ಬ್ರಹ್ಮಗಿರಿ ಬೆಟ್ಟ ಬರೆದಳು. ಬರೆದದ್ದು ಜೂನ್ ಮೊದಲ ವಾರ. ಸ್ವಾತಂತ್ರ್ಯ ದಿನ ಬಂದರೂ ಪೇಂಟು ಒಣಗಲಿಲ್ಲ. ಗೋಡೆಗೆ ತೂಗುಹಾಕಿದ್ದಕ್ಕೆ ಒರಗಿದವರೆಲ್ಲ ಒಂದೊಂದು ತುಂಡು ಬೆಟ್ಟವನ್ನು ಬೆನ್ನ ಮೇಲೆ ಹೊತ್ತು ಹೋದರು. ಚಿಕ್ಕಪ್ಪ ಹೆಣ್ಣು ನೋಡಲು ಹೋದ ದಿನ ಅವರ ಬಿಳಿ ಶರ್ಟಿನ ಹಿಂದೆ ಬ್ರಹ್ಮಗಿರಿಯ ಶಿಖರವಿತ್ತು. ಹುಡುಗಿಗೆ ಮುಖ ಮಾತ್ರ ತೋರಿಸಿ, ಹೊರಡುವಾಗ ಹಿಮ್ಮುಖವಾಗಿ ನಡೆದು ಬಂದರಂತೆ. ಬಹಳ ವಿನಯವಂತ ಹುಡುಗ ಎಂದು ಆ ಸಂಬಂಧ ಗಟ್ಟಿಯಾಯಿತು.

ಸೆಪ್ಟೆಂಬರಿನ ಹೊತ್ತಿಗೆ ಬೆಟ್ಟದ ಮೇಲೆ ಬೂಷ್ಟು ಹಿಡಿಯಿತು. ಅದೂ ಎಂಥ ಬೂಷ್ಟು! ಕಣಿವೆಯಲ್ಲಿ ದಟ್ಟವಾಗಿ, ಮೇಲೇರುತ್ತ ತೆಳುವಾಗಿ, ಶಿಖರದ ಹತ್ತಿರ ಉಸಿರಿನಷ್ಟು. ಮೈಸೂರಿನಿಂದ ನೆಂಟರ ಜೊತೆ ಬಂದಿದ್ದ ಡ್ರಾಯಿಂಗ್ ಮೇಷ್ಟರೊಬ್ಬರು ಚಿತ್ರದ ಮುಂದೆ ಹತ್ತು ನಿಮಿಷ ನಿಂತರು. "ಬೆಟ್ಟ ಯಾರೂ ಬರೆಯುತ್ತಾರೆ ಅಮ್ಮಾ. ಈ ಮಂಜು ಇದೆಯಲ್ಲ, ಇದು ಸಿದ್ಧಿ" ಎಂದರು. ಅಜ್ಜಿ ತಲೆ ತಗ್ಗಿಸಿ, "ಎಲ್ಲ ಕಾವೇರಮ್ಮನ ಕೃಪೆ" ಎಂದಳು. ಸುಳ್ಳು ಹೇಳಲಿಲ್ಲ ನೋಡಿ. ಆ ಮೇಲೆ ಆ ಚಿತ್ರವನ್ನು ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು. ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿ, ಊರೆಲ್ಲ ಮಲ್ಲಿಗೆಯ ಹಾಗೆ ಘಮಘಮಿಸುವ ಹೊತ್ತಿಗೆ, ಯುಗಾದಿಗೆಂದು ಮನೆ ಗುಡಿಸಿದ ದೊಡ್ಡಮ್ಮ ಹಳೇ ಬನಿಯನ್ನಿನಲ್ಲಿ ಅದನ್ನು ಚೆನ್ನಾಗಿ ಒರೆಸಿ ಫಳಫಳ ಮಾಡಿಟ್ಟರು. ಸಿದ್ಧಿ ಹೋಯಿತು, ಬೆಟ್ಟ ಉಳಿಯಿತು. ಅಂದಿನ ಜಗಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ಎರಡೂ ಪಕ್ಷದವರಿಗೂ ವಯಸ್ಸಾಗಿತ್ತು.

ಹಾರ್ಮೋನಿಯಮ್ಮಿನ ಕಥೆ ಇನ್ನೂ ಸಣ್ಣದು. ಮಳೆಗಾಲದಲ್ಲಿ ಅದರ ಮನೆಗಳು ಉಬ್ಬಿ ಒತ್ತಿದ್ದು ಮೇಲೆ ಬರುತ್ತಿರಲಿಲ್ಲ. ‘ನಿ’ ಒತ್ತಿದರೆ ಭಜನೆ ಮುಗಿಯುವವರೆಗೂ ‘ನಿ’. ನಮ್ಮಲ್ಲಿ ಬಟ್ಟೆ ಒಣಗಿಸುವುದು ಅಗ್ಗಿಷ್ಟಿಕೆಯ ಮೇಲೆ ಬೆತ್ತದ ಬುಟ್ಟಿ ಕವುಚಿ. ಮಗುವಿನ ಚಡ್ಡಿ ಒಣಗುವುದಾದರೆ ಹಾರ್ಮೋನಿಯಂ ಯಾಕೆ ಒಣಗಬಾರದು ಎಂದು ಅಜ್ಜಿ ಅದನ್ನೂ ಬುಟ್ಟಿಯ ಮೇಲಿಟ್ಟು, ಕಾಯಲು ನನ್ನನ್ನು ಕೂರಿಸಿ ಹೋದಳು. ನಾನು ನಿದ್ದೆ ಹೋದೆ. ಎದ್ದಾಗ ನನ್ನ ಶಾಲೆಯ ಕಾಲುಚೀಲವೂ ಹಾರ್ಮೋನಿಯಮ್ಮಿನ ತಿದಿಯೂ ಒಂದೇ ವಾಸನೆ ಬರುತ್ತಿದ್ದವು. ತಿದಿಗೆ ಕೋಳಿಮೊಟ್ಟೆಯಷ್ಟು ತೂತು. ಸೈಕಲ್ ಅಂಗಡಿಯವನು ಟ್ಯೂಬಿನ ತುಂಡು ಅಂಟಿಸಿ ಪಂಕ್ಚರ್ ಹಾಕಿಕೊಟ್ಟ, ನೀರಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡಲೂ ಹೊರಟಿದ್ದ. ಅಂದಿನಿಂದ ಅದು ಮೋಹನ ರಾಗವನ್ನೂ ಕೆಮ್ಮಿಕೊಂಡೇ ನುಡಿಸುತ್ತಿತ್ತು. ಅಜ್ಜಿ ಅದರ ಕೆಮ್ಮಿಗೆ ಸರಿಯಾಗಿ ತಾಳ ಹಾಕಿಕೊಂಡಳು.

ಮಡಿಕೇರಿ ದಸರಾದ ಬಗ್ಗೆ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಮೈಸೂರಿನ ದಸರಾ ಮುಗಿದು ಆನೆಗಳು ನಿದ್ದೆ ಹೋದ ಮೇಲೆ ನಮ್ಮದು ಶುರು. ನಾಲ್ಕು ಕರಗಗಳ ನಾಡಿನಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಹೊರಟು, ಬೆಳಗಿನ ಜಾವದವರೆಗೆ ದೇವರು ರಾಕ್ಷಸನನ್ನು ಕೊಲ್ಲುತ್ತಲೇ ಇರುತ್ತಾನೆ. ಒಂದು ವರ್ಷ, ಯಾವ ಮಂಟಪವೆಂದು ಹೇಳಲಾರೆ, ಹುಡುಗರು ಬಂದು ಮಹಿಷಾಸುರನ ಕಣ್ಣು ಬರೆದುಕೊಡಿ ಎಂದು ಅಜ್ಜಿಯನ್ನು ಕರೆದುಕೊಂಡು ಹೋದರು. ಬರೆದವನು ಓಡಿಹೋಗಿದ್ದನಂತೆ, ಗಂಟೆ ರಾತ್ರಿ ಒಂಬತ್ತಾಗಿತ್ತು. ಅಜ್ಜಿಗೆ ಎದುರಿಗೊಂದು ಮುಖ ಬೇಕು, ನೋಡದೆ ಬರೆಯುವವಳಲ್ಲ. ಟಾರ್ಚು ಹಿಡಿದು ನಿಂತಿದ್ದ ದೊಡ್ಡಪ್ಪನ ಮುಖ ನೋಡಿ ಬರೆದಳು.

ನಮ್ಮ ದೊಡ್ಡಪ್ಪ ಜಿಗಣೆ ಕಚ್ಚಿದರೂ ಉಪ್ಪು ಹಾಕದೆ, ಅದು ತಾನೇ ಕುಡಿದು ಬೀಳಲಿ ಎಂದು ಕಾಯುವ ಮನುಷ್ಯ. ಆ ಕಣ್ಣು ಹೊತ್ತ ಮಹಿಷಾಸುರ ರಾತ್ರಿ ಎರಡು ಗಂಟೆಗೆ ಬಣ್ಣದ ಹೊಗೆಯ ನಡುವೆ ಎದ್ದು ನಿಂತಾಗ ಜನರಿಗೆ ಭಯವಾಗಲಿಲ್ಲ. "ಅಯ್ಯೋ ಪಾಪ" ಎಂದರು. ದೇವಿ ತ್ರಿಶೂಲ ಎತ್ತಿದಾಗ ಮುಂದಿನ ಸಾಲಿನ ಒಬ್ಬ ಹೆಂಗಸು "ಬಿಟ್ಟುಬಿಡು ತಾಯೀ" ಎಂದು ಕೈ ಮುಗಿದಳಂತೆ. ಆ ವರ್ಷ ಅವರಿಗೆ ಬಹುಮಾನ ಬರಲಿಲ್ಲ. ದೊಡ್ಡಪ್ಪನನ್ನು ಮಾರ್ಕೆಟ್ಟಿನಲ್ಲಿ ಮಕ್ಕಳು ಬಹಳ ದಿನ ಗುರುತು ಹಿಡಿಯುತ್ತಿದ್ದರು. ಹುಡುಗರು ಬೈಯಲು ಬಂದಾಗ ಅಜ್ಜಿ, "ಸಾಯುವವನಿಗೆ ಬೇರೆ ಎಂಥ ಕಣ್ಣು ಇರುತ್ತದೆ? ನೀವು ನೋಡಿದ್ದೀರಾ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು.

2018ರ ಆಗಸ್ಟ್ ಬಗ್ಗೆ ತಮಾಷೆಯಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ಗುಡ್ಡಗಳು ಜಾರಿದ ಆ ವಾರ ನಮ್ಮ ಓಣಿಯನ್ನೂ ಖಾಲಿ ಮಾಡಿಸಿದರು. 89ರ ಅಜ್ಜಿ ಹಾರ್ಮೋನಿಯಂ ಇಲ್ಲದೆ ಹೊಸ್ತಿಲು ದಾಟುವುದಿಲ್ಲ ಎಂದು ಕೂತಳು; ಕೊನೆಗೆ ಪರಿಹಾರ ಕೇಂದ್ರಕ್ಕೆ ನಾನು ಅಜ್ಜಿಯನ್ನೂ, ದೊಡ್ಡಮ್ಮ ಹಾರ್ಮೋನಿಯಮ್ಮನ್ನೂ ಹೊತ್ತು ನಡೆದೆವು. ಅಲ್ಲಿ ಮಕ್ಕಳಿಗೆ ಯಾರೋ ಕ್ರೇಯಾನ್ ಹಂಚಿದ್ದರು. ಮಕ್ಕಳೆಲ್ಲ ಬರೆದದ್ದು ಒಂದೇ: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ. ಅಜ್ಜಿ ಚಾಪೆಯಿಂದ ಚಾಪೆಗೆ ಜರುಗಿಕೊಂಡು ಹೋಗಿ ಜಗಳ ತೆಗೆದಳು. "ಆಟಿ ತಿಂಗಳಲ್ಲಿ ಮಡಿಕೇರಿಯಲ್ಲಿ ಸೂರ್ಯನನ್ನು ನೋಡಿದವರು ಯಾರು? ಕೈ ಎತ್ತಿ! ಮಳೆ ಬರೆಯಿರಿ." ಒಬ್ಬ ಹುಡುಗ ಗುಡ್ಡದ ನಡುವೆ ಮೇಲಿಂದ ಕೆಳಗೆ ಕೆಂಪು ಗೀಚಿದ್ದ. ಮನೆ ಬರೆದಿರಲಿಲ್ಲ. ಅಜ್ಜಿ ಅದನ್ನು ತುಂಬ ಹೊತ್ತು ನೋಡಿದಳು. ಏನೂ ತಿದ್ದಲಿಲ್ಲ. ಅವನ ಕೈಯಿಂದ ಹಸಿರು ಕ್ರೇಯಾನ್ ತೆಗೆದುಕೊಂಡು ಮೂಲೆಯಲ್ಲಿ ಒಂದು ಹಕ್ಕಿ ಬರೆದು, ಗೆಜ್ಜೆ ಕಟ್ಟಿ, ಅವನಿಗೆ ವಾಪಸು ಕೊಟ್ಟಳು.

ಅವಳು ಹೋದದ್ದೂ ಆಟಿ ತಿಂಗಳಲ್ಲೇ, 2024ರಲ್ಲಿ. ದೊಡ್ಡ ಕಾಯಿಲೆ ಏನಿರಲಿಲ್ಲ. ಹಿಂದಿನ ದಿನ ಸಂಜೆ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ ಕೇಳುತ್ತ, ಹಾಡುತ್ತಿದ್ದವರ ಶ್ರುತಿ ಒಂದು ಕೂದಲಷ್ಟು ಇಳಿದಿದೆ ಎಂದು ಗೊಣಗಿ, ಗಂಜಿ ಕುಡಿದು ಮಲಗಿದಳು. ಅಷ್ಟೇ.

ಈಗ ಕಾರ್ಡಿಗೆ ಬರುತ್ತೇನೆ. ಅಚ್ಚಾದ ‘ಹ’ವನ್ನು ಏನು ಮಾಡುವುದು? ಬಿಳಿ ಬಳಿದರೆ ಕುಷ್ಠದ ಕಲೆಯ ಹಾಗೆ ಕಾಣುತ್ತದೆ. ಪೆನ್ನಿನಲ್ಲಿ ಹೊಡೆದುಹಾಕಿದರೆ, ಅಜ್ಜಿ ಜಗಳಗಂಟಿಯೆಂದು ಮೊದಲು ಬರೆದು ಆಮೇಲೆ ಮನಸ್ಸು ಬದಲಾಯಿಸಿದ ಹಾಗೆ ಕಾಣುತ್ತದೆ. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಒಂಬತ್ತು ವರ್ಷದ ಮಗಳು ಒಂದು ಕಾರ್ಡು ಎತ್ತಿಕೊಂಡು ಹೋದವಳು ಐದು ನಿಮಿಷ ಬಿಟ್ಟು ತಂದಳು. ‘ಹ’ ಇದ್ದ ಕಡೆ ಒಂದು ಪುಟ್ಟ ನವಿಲು ಕೂತಿತ್ತು. ಅದರ ಬಾಲ ಹಿಂದಕ್ಕೆ ಚಾಚಿ ‘ಲ’ಕ್ಕೆ ಸರಿಯಾಗಿ ದೀರ್ಘವಾಗಿತ್ತು. ಕಾಲಿನಲ್ಲಿ ಎರಡು ಚುಕ್ಕೆ, ಗೆಜ್ಜೆ.

"ತ ಬದಲು ಗಿಳಿ ಆಗುವುದಾದರೆ ಹ ಬದಲು ನವಿಲು ಯಾಕಾಗಬಾರದು?" ಎಂದಳು. ಸೊಂಟದ ಮೇಲೆ ಕೈ.

ಮನೆಯ ಮಕ್ಕಳು ನಾಲ್ವರೂ ಲಾಟೀನಿನ ಬೆಳಕಿನಲ್ಲಿ ಕೂತರು. ಮೊದಲ ನಲವತ್ತು ಕಾರ್ಡಿನಲ್ಲಿ ಗರಿ ಎಣಿಸಬಹುದಾದ ನವಿಲು. ನೂರರ ಹೊತ್ತಿಗೆ ಅದು ಕೋಳಿಯಾಯಿತು. ನೂರೈವತ್ತು ದಾಟಿದ ಮೇಲೆ ಗುಬ್ಬಿ. ಇನ್ನೂರರ ಮೇಲಿನದ್ದೆಲ್ಲ ಎರಡು ಕಾಲಿರುವ ಒಂದು ಮಸಿಯ ಉಂಡೆ. ಆದರೆ ಗೆಜ್ಜೆ ಮಾತ್ರ ಯಾವುದಕ್ಕೂ ತಪ್ಪಲಿಲ್ಲ. ಶಾಯಿ ಒಣಗಲೆಂದು ಕಾರ್ಡುಗಳನ್ನು ಅಗ್ಗಿಷ್ಟಿಕೆಯ ಬುಟ್ಟಿಯ ಮೇಲೆ ಹರಡಿ ಕಾಯಲು ನನ್ನನ್ನು ಕೂರಿಸಿದರು. ಈ ಸಲ ಬರೀ ಹನ್ನೊಂದು ಸುಟ್ಟವು.

ಸಮಾರಾಧನೆಯ ದಿನ ಚಿಕ್ಕಪ್ಪ ಪೇಟೆಯಿಂದ ಫೋಟೋಕ್ಕೆ ಹಾಕಲು ಗಂಧದ ಸಿಪ್ಪೆಯ ಹಾಗೆ ಕಾಣುವ ಪ್ಲಾಸ್ಟಿಕ್ ಹಾರ ತಂದರು. ದೊಡ್ಡಮ್ಮ ಮುಟ್ಟಲೂ ಇಲ್ಲ. "ಆ ಕೊರಳಿಗೆ ಇದನ್ನು ಹಾಕಿದರೆ ಫೋಟೋದಿಂದ ಎದ್ದು ಬರುತ್ತಾರೆ, ಅವರ ಹತ್ತಿರ ನೀನು ಮಾತಾಡು" ಎಂದು, ಕೊಡೆ ಹಿಡಿದು ಸುರಿಯುವ ಮಳೆಯಲ್ಲಿ ನಾಲ್ಕು ಮನೆಯ ಅಂಗಳ ಸುತ್ತಿ ಡೇರೆ ಹೂ ಕೊಯ್ದು ತಂದರು. ಮಧ್ಯಾಹ್ನದ ಹೊತ್ತಿಗೆ ಅದು ಬಾಡಿ ತಲೆ ಬಾಗಿಸಿತು. ದೊಡ್ಡಮ್ಮ ಅದನ್ನು ನೋಡಿ ಯಾರಿಗೋ ಉತ್ತರ ಕೊಟ್ಟವರ ಹಾಗೆ "ಹ್ಞೂಂ" ಎಂದರು.

ಪುರೋಹಿತರು ನವಗ್ರಹ ಮಂಡಲ ಬರೆಯುವಾಗ ಎರಡು ಸಲ ತಲೆ ಎತ್ತಿ ಫೋಟೋ ನೋಡಿದರು. ಮೂವತ್ತು ವರ್ಷದ ಹಿಂದೆ ಅಜ್ಜಿ ಅವರ ಪದ್ಮದ ದಳಗಳು ಒಂದಕ್ಕಿಂತ ಒಂದು ದಪ್ಪ ಎಂದು ಹೋಮದ ನಡುವೆ ಎಬ್ಬಿಸಿ ಮತ್ತೆ ಬರೆಸಿದ್ದಳು. ಮೂರನೆಯ ಸಲ ಫೋಟೋ ನೋಡಿದವರು, ಅಂಚಿನ ಒಂದು ದಳವನ್ನು ಮೆಲ್ಲಗೆ ಅಳಿಸಿ ಹೊಸದಾಗಿ ಬರೆದರು. ಊಟ ಮುಗಿಸಿ ಹೊರಟ ನಾಪೋಕ್ಲಿನ ಹಿರಿಯರೊಬ್ಬರು ಬಾಗಿಲಲ್ಲಿ ‘ಸುಸ್ವಾಗ’ ಓದಿ, ಹೊರಗಿನ ಮಳೆ ನೋಡಿ, ಒಳಗೆ ಬಂದು ಕೂತು ಇನ್ನೊಂದು ಲೋಟ ಪಾಯಸ ಕೇಳಿದರು.

ಎಲ್ಲ ಹೋದ ಮೇಲೆ ನಾನು ಅಭ್ಯಾಸಬಲದಿಂದ ಲೆಕ್ಕ ಹಾಕಿದೆ. 250ರಲ್ಲಿ ಸುಟ್ಟದ್ದು 11, ಹಂಚಿದ್ದು 221, ಮಿಕ್ಕಿದ್ದು 17. ಒಂದು ಕಮ್ಮಿ. ಹುಡುಕಿದಾಗ ಅದು ದೊಡ್ಡಮ್ಮನ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ನವಿಲಿಲ್ಲದ್ದು, ‘ಹ’ ಹಾಗೆಯೇ ಇರುವಂಥದ್ದು. ಕೇಳಿದ್ದಕ್ಕೆ ಟ್ರಂಕಿನ ಮುಚ್ಚಳ ಹಾಕುತ್ತ, "ನುಸಿಗುಳಿಗೆಯ ಅಡಿಗೆ ಇಡಲಿಕ್ಕೆ ಒಂದು ಗಟ್ಟಿ ಕಾಗದ ಬೇಕಿತ್ತು" ಎಂದರು.